ಮಾವನ ಮೊಣಕೈ ಮತ್ತು ಒಂದು ತಿರುಪುಳಿ

ನಿಮ್ಮ ಮನೆಯ ವೈರಿಂಗಿನಲ್ಲಿ ಒಟ್ಟು ಎಷ್ಟು ಸ್ಕ್ರೂಗಳಿವೆ ಅಂತ ಯಾವತ್ತಾದರೂ ಎಣಿಸಿದ್ದೀರಾ? ಇಲ್ಲ ಅಂತ ಗೊತ್ತು. ಯಾರಿಗೆ ಬೇಕು ಹೇಳಿ ಆ ಉಸಾಬರಿ! ನಾನು ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಎಣಿಸಿದೆ. ಮಾವ ವೈರಿಂಗ್ ಮಾಡುತ್ತಿದ್ದ ಹೊಸ ಮನೆಯೊಂದರಲ್ಲಿ, ಸಿಮೆಂಟ್ ಚೀಲದ ಮೇಲೆ ಕೂತು, ಬೀಡಿಕಟ್ಟಿನ ಹಿಂದೆ ಲೆಕ್ಕ ಬರೆದುಕೊಂಡು.

ಎರಡು ಬೆಡ್‌ರೂಮಿನ ಸಾಧಾರಣ ಮನೆ. ಹನ್ನೆರಡು ಸ್ವಿಚ್ ಬೋರ್ಡು. ಒಂದು ಬೋರ್ಡಿನಲ್ಲಿ ಐದು ಸ್ವಿಚ್ಚು, ಒಂದು ಸಾಕೆಟ್ಟು, ಒಂದು ಫ್ಯಾನ್ ರೆಗ್ಯುಲೇಟರ್ ಅಂತ ಇಟ್ಟುಕೊಳ್ಳಿ. ಸ್ವಿಚ್ಚಿಗೆ ಎರಡರಂತೆ ಹತ್ತು, ಸಾಕೆಟ್ಟಿಗೆ ಮೂರು, ರೆಗ್ಯುಲೇಟರಿಗೆ ಎರಡು. ಪೆಟ್ಟಿಗೆಯನ್ನು ಗೋಡೆಗೆ ಕೂರಿಸಲು, ಫ್ರೇಮನ್ನು ಪೆಟ್ಟಿಗೆಗೆ ಕೂರಿಸಲು ಇನ್ನೊಂದು ನಾಲ್ಕೈದು. ಅಲ್ಲಿಗೆ ಬೋರ್ಡೊಂದಕ್ಕೆ 20. ಹನ್ನೆರಡು ಬೋರ್ಡಿಗೆ 240 ಆಯಿತಾ? ಆಮೇಲೆ ಸೀಲಿಂಗ್ ಲೈಟು, ಫ್ಯಾನು, ಹೋಲ್ಡರು, ಕಾಲಿಂಗ್ ಬೆಲ್ಲು. ಎಂಸಿಬಿ ಡಬ್ಬದೊಳಗೆ ಮೇಲೊಂದು ಕೆಳಗೊಂದು, ಪಕ್ಕದಲ್ಲಿ ನ್ಯೂಟ್ರಲ್ ಪಟ್ಟಿ, ಅರ್ಥ್ ಪಟ್ಟಿ... ಹೀಗೆ ಕೂಡುತ್ತಾ ಹೋದರೆ ಲೆಕ್ಕ 400ರ ಹತ್ತಿರ ಬಂತು. ಒಂದು ಸ್ಕ್ರೂಗೆ ಹತ್ತು ಸುತ್ತು ಅಂತ ಹಿಡಿದರೂ, ಮನುಷ್ಯನ ಮಣಿಕಟ್ಟು ಒಂದು ಸಲಕ್ಕೆ ಅರ್ಧ ಸುತ್ತು ಮಾತ್ರ ತಿರುಗುವುದು. ಅಂದರೆ ಸ್ಕ್ರೂಗೆ 20 ತಿರುವು. ಒಂದು ಮನೆಗೆ 8,000 ತಿರುವು.

ಮಾವ 1991ರಲ್ಲಿ ವೈರ್‌ಮನ್ ಪರ್ಮಿಟ್ ತಗೊಂಡವರು. ಮರದ ಪಟ್ಟಿ ಹೊಡೆದು ಅದರ ಮೇಲೆ ಕ್ಲಿಪ್ಪು ಹಾಕಿ ವೈರ್ ಓಡಿಸುತ್ತಿದ್ದ ಕಾಲದಿಂದ, ಕೇಸಿಂಗ್ ಕ್ಯಾಪಿಂಗ್ ದಾಟಿ, ಗೋಡೆಯೊಳಗಿನ ಪೈಪಿನ ತನಕ ಎಲ್ಲವನ್ನೂ ಮಾಡಿದ್ದಾರೆ. ತೀರ್ಥಹಳ್ಳಿ ಆಸುಪಾಸಿನ ಎಷ್ಟು ಮನೆ, ಎಷ್ಟು ಪಂಪ್‌ಸೆಟ್ಟು ಅಂತ ಅವರಿಗೇ ನೆನಪಿಲ್ಲ. ಈಗ ಆ ಎಂಟು ಸಾವಿರವನ್ನು ಅಷ್ಟೂ ವರ್ಷಗಳಿಂದ ಗುಣಿಸಿ ನೋಡಿ. ನಾನು ಗುಣಿಸಲು ಹೋಗಲಿಲ್ಲ, ಹೆದರಿಕೆಯಾಯಿತು.

ಲೆಕ್ಕ ಯಾಕೆ ಬೇಕಾಯಿತು ಅಂದರೆ, ಮಾವನ ಬಲ ಮೊಣಕೈ ಕೈಕೊಟ್ಟಿತ್ತು (ಶ್ಲೇಷೆ ತಾನಾಗಿ ಬಂತು, ಕ್ಷಮಿಸಿ!). ಅವರಾಗಿ ಹೇಳಲಿಲ್ಲ. ಹೇಳುವ ಜನ ಅಲ್ಲ ಅವರು. ಅತ್ತೆ ಫೋನಿನಲ್ಲಿ ಹೇಳಿದ್ದು, "ರಾತ್ರಿ ಚೊಂಬು ಎತ್ತಿ ನೀರು ಕುಡಿಯಕ್ಕಾಗಲ್ಲ ಕಣಾ, ಎಡಗೈಯಲ್ಲಿ ಕುಡೀತಾರೆ. ಕೇಳಿದ್ರೆ ಎಂತ ಇಲ್ಲ ಅಂತಾರೆ." ಡಾಕ್ಟರು ಒತ್ತಿ ನೋಡಿ ಟೆನ್ನಿಸ್ ಎಲ್ಬೋ ಅಂದರಂತೆ. ಜೀವಮಾನದಲ್ಲಿ ಟೆನ್ನಿಸ್ ಬ್ಯಾಟನ್ನು ಟಿವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡದ ಮಾವನಿಗೆ ಟೆನ್ನಿಸ್ ಎಲ್ಬೋ! ಆದರೆ ಹೆಸರಷ್ಟೇ ಟೆನ್ನಿಸ್ಸಿನದು. ಬಿಗಿಯಾಗಿ ಹಿಡಿದು ತಿರುಚುವ ಕೆಲಸ ಪದೇ ಪದೇ ಮಾಡುವ ಯಾರಿಗಾದರೂ ಬರುತ್ತೆ. ಬಡಗಿಗಳಿಗೆ, ಪ್ಲಂಬರುಗಳಿಗೆ, ವೈರ್‌ಮನ್‌ಗಳಿಗೆ. ಮುಂಗೈಯ ಸ್ನಾಯುಗಳು ಮೊಣಕೈಯ ಹೊರಗಂಟಿಗೆ ಅಂಟಿಕೊಂಡಿರುವ ಜಾಗ ಸವೆದು ನೋಯತೊಡಗುತ್ತೆ. ಮದ್ದು ಅಂದರೆ ಮುಖ್ಯವಾಗಿ ಆ ಕೆಲಸವನ್ನು ಕಡಿಮೆ ಮಾಡುವುದು. ದಿನಗೂಲಿಯವನಿಗೆ ಈ ಮದ್ದು ಬರೆದುಕೊಟ್ಟರೆ ಅವನು ಯಾವ ಅಂಗಡಿಯಲ್ಲಿ ಕೊಳ್ಳಬೇಕೋ.

ಮಾವ ತಮ್ಮದೇ ಒಂದು ದಾರಿ ಮಾಡಿಕೊಂಡಿದ್ದರು. ಸ್ಕ್ರೂ ತಿರುಗಿಸುವ ಕೆಲಸವನ್ನೆಲ್ಲ ಜೊತೆಗಿದ್ದ ಹುಡುಗನಿಗೆ ಬಿಟ್ಟರು. ಹುಡುಗ ಚುರುಕು, ಆದರೆ ಅವನ ಗಮನ ಅರ್ಧ ಮೊಬೈಲಿನ ಮೇಲೆ. ಒಂದು ಟರ್ಮಿನಲ್ ಬಿಗಿ, ಇನ್ನೊಂದು ಸಡಿಲ. ಹಾಗಾಗಿ ಅವನು ಮಾಡಿದ್ದನ್ನೆಲ್ಲ ಮಾವ ಸಂಜೆ ಇನ್ನೊಮ್ಮೆ ತಿರುಗಿಸಿ ನೋಡುವುದು! ನೋವು ಅಲ್ಲಿಂದ ಅಲ್ಲಿಗೇ ಬಂತು. "ಇನ್ನೊಂದ್ ವರ್ಷ ನೋಡಿ ಬಿಡ್ತಾರಂತೆ ಕೆಲ್ಸ" ಅಂದರು ಅತ್ತೆ. ಮಗಳ ಓದು ಇನ್ನೂ ಮೂರು ವರ್ಷ ಇದೆ.

ಸರಿ, ಒಂದು ಬ್ಯಾಟರಿ ಸ್ಕ್ರೂಡ್ರೈವರ್ ತೆಗೆದುಕೊಟ್ಟರಾಯಿತು ಅಂತ ಹೊರಟೆ. ನಮ್ಮ ಅಜ್ಜ ಇದ್ದಿದ್ದರೆ ತಿರುಪುಳಿ ಅನ್ನುತ್ತಿದ್ದರು. ತಿರುಪಿಗೆ ಹಾಕುವ ಉಳಿ ತಿರುಪುಳಿ. ಎಷ್ಟು ಚೆಂದದ ಪದ ಅಲ್ವಾ? ಈಗ ಯಾರೂ ಹೇಳುವುದಿಲ್ಲ, ನಾನೂ ತಲೆಬರಹದಲ್ಲಿ ಮಾತ್ರ ಬಳಸಿ ತೃಪ್ತಿ ಪಟ್ಟುಕೊಳ್ಳುತ್ತೇನೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಶನಿವಾರ ಪೂರ್ತಿ ಕಳೆದೆ. ಮೊದಲು ಹೋದ ಅಂಗಡಿಯ ಹುಡುಗ ಒಂದು 18 ವೋಲ್ಟಿನ ಇಂಪ್ಯಾಕ್ಟ್ ಡ್ರೈವರ್ ತೆಗೆದು ಟೇಬಲ್ಲಿನ ಮೇಲೆ ಧಡ್ ಅಂತ ಇಟ್ಟ. "ಸಾರ್, ತಗೊಂಡ್ರೆ ಇದನ್ನೇ ತಗೊಳ್ಳಿ, ಸಖತ್ ಪವರ್, ನೂರರ ಮೇಲೆ ಟಾರ್ಕು." ಮರಕ್ಕೆ ಉದ್ದನೆ ಸ್ಕ್ರೂ ಹೊಡೆಯಲು, ಶೆಡ್ಡಿಗೆ ತಗಡು ಹೊಡೆಯಲು ಅದರಂಥದ್ದಿಲ್ಲ, ಒಪ್ಪಿದೆ. ಆದರೆ ಆ ನೂರು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ.

ಟಾರ್ಕನ್ನು ಅಳೆಯುವುದು ನ್ಯೂಟನ್ ಮೀಟರಿನಲ್ಲಿ. ಇಂಜಿನಿಯರಿಂಗ್ ಓದಿದವರೂ ಪರೀಕ್ಷೆ ಮುಗಿದ ಮೇಲೆ ಮರೆಯುವ ವಿಷಯ, ಆದ್ದರಿಂದ ಹೀಗೆ ಇಟ್ಟುಕೊಳ್ಳೋಣ. ಸ್ಕ್ರೂವಿನ ನಡುವಿನಿಂದ ಅಡ್ಡಕ್ಕೆ 10 ಸೆಂಟಿಮೀಟರಿನ ಒಂದು ಕಡ್ಡಿ ಕಟ್ಟಿ, ಅದರ ತುದಿಗೆ ಒಂದು ಲೀಟರ್ ನೀರಿನ ಬಾಟಲಿ ನೇತುಹಾಕಿದರೆ ಸ್ಕ್ರೂ ಮೇಲೆ ಬೀಳುವ ತಿರುಚುಬಲ ಹೆಚ್ಚುಕಮ್ಮಿ 1 ನ್ಯೂಟನ್ ಮೀಟರ್. ಸ್ವಿಚ್ಚಿನೊಳಗಿನ 3.5 ಮಿಲಿಮೀಟರಿನ ಹಿತ್ತಾಳೆ ತಿರುಪಿಗೆ ಬೇಕಾಗುವುದು 0.8. ಅಂದರೆ ಒಂದು ಬಾಟಲಿಯೂ ಬೇಡ. 4 ಮಿಲಿಮೀಟರಿನದಕ್ಕೆ 1.2. ಎಂಸಿಬಿಗೆ ಸಾಮಾನ್ಯವಾಗಿ 2ರಿಂದ 3.5, ಆಂಪಿಯರ್ ಹೆಚ್ಚಾದಂತೆ ಹೆಚ್ಚು. ಆ ಹುಡುಗ ತೋರಿಸಿದ ಯಂತ್ರ ನೂರು ಬಾಟಲಿ! ಅದೂ ಒಂದೇ ಸಮ ಅಲ್ಲ, ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಕ ಟಕ ಅಂತ ಹೊಡೆಯುತ್ತಾ. ಸ್ವಿಚ್ಚಿನ ಹಿತ್ತಾಳೆಯ ಮರೆ ಅರ್ಧ ಸೆಕೆಂಡಿನಲ್ಲಿ ಪುಡಿ.

ಮರೆ ಹೋದರೆ ಏನಾಗುತ್ತೆ ಅನ್ನುವುದೇ ಇಲ್ಲಿ ನಿಜವಾದ ವಿಷಯ. ಮರೆ ಹೋದ ಸ್ಕ್ರೂ ಕೈಗೆ ಬಿಗಿಯಾದಂತೆಯೇ ಅನ್ನಿಸಬಹುದು, ಆದರೆ ತಂತಿಯನ್ನು ಒತ್ತಿ ಹಿಡಿದಿರುವುದಿಲ್ಲ. ಅತಿಯಾಗಿ ಬಿಗಿದರೂ ಅದೇ ಕಥೆ. ಈಗಿನ ವೈರಿನಲ್ಲಿರುವ ಸಣ್ಣ ಸಣ್ಣ ಎಳೆಗಳು ಸ್ಕ್ರೂ ತುದಿಗೆ ಸಿಕ್ಕಿ ಕತ್ತರಿಸಿಹೋಗುತ್ತವೆ. ಉಳಿದ ಎಳೆಗಳ ಮೇಲೆ ಪೂರ್ತಿ ಹೊರೆ. 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತೆ. ಆ ಸಡಿಲ ಜಾಗದಲ್ಲಿ ಬರೀ 0.3 ಓಮಿನ ತಡೆ ಹುಟ್ಟಿಕೊಂಡರೂ ಅಲ್ಲಿ ಏಳುವ ಶಾಖ 23 ವ್ಯಾಟ್ ಹತ್ತಿರ. ರೇಡಿಯೋ ರಿಪೇರಿಯವನ ಸೋಲ್ಡರಿಂಗ್ ಐರನ್ 25 ವ್ಯಾಟಿನದು ನೋಡಿ! ಅಂದರೆ ನಿಮ್ಮ ಬಚ್ಚಲಿನ ಗೋಡೆಯೊಳಗೆ, ಪ್ಲಾಸ್ಟಿಕ್ಕಿನ ನಡುವೆ, ದಿನಾ ಬೆಳಿಗ್ಗೆ ಒಂದು ಸೋಲ್ಡರಿಂಗ್ ಐರನ್ ಹಚ್ಚಿಟ್ಟ ಹಾಗೆ. ಎಂಸಿಬಿ ಬೀಳುತ್ತಲ್ಲ ಅಂತೀರಾ? ಬೀಳಲ್ಲ. ಕರೆಂಟು ಮಿತಿಯೊಳಗೇ ಇದೆಯಲ್ಲ, ಅದು ಯಾಕೆ ಬೀಳಬೇಕು? ಸೋರಿಕೆಯೂ ಇಲ್ಲ, ಹಾಗಾಗಿ ಆರ್‌ಸಿಸಿಬಿಯೂ ಸುಮ್ಮನಿರುತ್ತೆ. ಮೂಗಿಗೆ ವಾಸನೆ ಬಂದಾಗಲೇ ಗೊತ್ತಾಗುವುದು. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಬ್ಬರ ಮನೆಯ ಗೀಸರ್ ಸಾಕೆಟ್ಟು ಹೀಗೇ ಕರಗಿ ಹೆಪ್ಪುಗಟ್ಟಿದ ಬೆಲ್ಲದ ಹಾಗಾಗಿತ್ತು. ಬಿಚ್ಚಿ ನೋಡಿದರೆ ಸ್ಕ್ರೂ ಸುತ್ತುತ್ತಲೇ ಇದೆ, ನಿಲ್ಲುವುದೇ ಇಲ್ಲ.

ಆದ್ದರಿಂದ ಎಷ್ಟು ಜೋರಾಗಿ ತಿರುಗುತ್ತೆ ಅಂತ ನಾನು ಯಾರನ್ನೂ ಕೇಳಲಿಲ್ಲ. ಎಷ್ಟು ಮೆತ್ತಗೆ ನಿಲ್ಲುತ್ತೆ ಅಂತ ಕೇಳುತ್ತಾ ಹೋದೆ. ಅಂಗಡಿಯವರೆಲ್ಲ ವಿಚಿತ್ರವಾಗಿ ನೋಡಿದರು.

ನಿಲ್ಲಿಸುವ ಕೆಲಸ ಕ್ಲಚ್ಚಿನದು. ಯಂತ್ರದ ಮೂತಿಯ ಹತ್ತಿರ 1, 2, 3 ಅಂತ ಅಂಕೆ ಬರೆದ ಒಂದು ಬಳೆ ಇರುತ್ತಲ್ಲ, ಅದು. ಹೇಳಿದಷ್ಟು ಬಿಗಿಯಾದ ಮೇಲೆ ಕಟಕಟ ಅಂತ ಬಿಟ್ಟುಬಿಡುತ್ತೆ. ಆ ಅಂಕೆಗಳು ನ್ಯೂಟನ್ ಮೀಟರ್ ಅಲ್ಲ, ಬರೀ ಮೆಟ್ಟಿಲು. ಯಾವ ಮೆಟ್ಟಿಲು ಎಷ್ಟು ಅಂತ ಹಳೇ ಸ್ವಿಚ್ಚಿನ ಮೇಲೆ ಮಾಡಿ ನೋಡಿಯೇ ತಿಳಿಯಬೇಕು. 12 ವೋಲ್ಟಿನ ಡ್ರಿಲ್ ಡ್ರೈವರುಗಳಲ್ಲಿ ಇಪ್ಪತ್ತು ಮೆಟ್ಟಿಲು ಇರುವುದುಂಟು, ಒಳ್ಳೆಯದೇ. ಮರಕ್ಕೆ ತೂತು ಕೊರೆಯಲೂ ಆಗುತ್ತೆ. ಆದರೆ ಮೂತಿಯಲ್ಲಿ ದಪ್ಪನೆಯ ಚಕ್ ಇರುತ್ತೆ, ಗೋಡೆಯೊಳಗಿನ ಕಬ್ಬಿಣದ ಪೆಟ್ಟಿಗೆಯ ಮೂಲೆಗೆ ಅದು ಹೋಗುವುದಿಲ್ಲ. ಭಾರವೂ ಹೆಚ್ಚು. ಮಾವನ ಹತ್ತಿರ ಗೋಡೆ ಕೊರೆಯಲು ಬೇರೆ ಹ್ಯಾಮರ್ ಡ್ರಿಲ್ ಇದ್ದೇ ಇದೆ.

ಉಳಿದದ್ದು ಸಣ್ಣವು, 3.6 ಇಲ್ಲವೇ 4 ವೋಲ್ಟಿನವು. ಇವನ್ನು ಆಟಿಕೆ ಅಂತ ನಗುವವರಿದ್ದಾರೆ. ಆದರೆ ಲೆಕ್ಕ ನೋಡಿ: ಬಾಷ್‌ನವರ ಗೋ ಅನ್ನುವ ಸಣ್ಣ ಯಂತ್ರದ ಗರಿಷ್ಠ ಟಾರ್ಕು 5 ನ್ಯೂಟನ್ ಮೀಟರ್, ನಿಮಿಷಕ್ಕೆ 360 ಸುತ್ತು. ಎಂಸಿಬಿಗೇ ಎರಡು ಮೂರು ಸಾಕು ಅಂದಮೇಲೆ ಐದು ಧಾರಾಳವಾಯಿತು. 2003ರಲ್ಲಿ ಇದೇ ಕಂಪನಿ ಇಕ್ಸೋ ಅಂತ ಲಿಥಿಯಂ ಬ್ಯಾಟರಿಯದ್ದನ್ನು ತಂದ ಮೇಲೆ ಈ ಜಾತಿಗೆ ಜೀವ ಬಂದದ್ದು. ಅದಕ್ಕೂ ಮುಂಚಿನ ನಿಕ್ಕಲ್ ಕ್ಯಾಡ್ಮಿಯಂನವು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದರೆ ತಾವಾಗಿಯೇ ಖಾಲಿಯಾಗುತ್ತಿದ್ದವು. ಮಾವ ಯಾವುದೋ ಕಾಲದಲ್ಲಿ ಶಿವಮೊಗ್ಗದ ಎಕ್ಸಿಬಿಷನ್ನಿನಲ್ಲಿ ಅಂಥದ್ದೊಂದು ಕೊಂಡು, ಬೇಕಾದಾಗಲೆಲ್ಲ ಸತ್ತಿರುತ್ತಿದ್ದ ಅದನ್ನು ಅಟ್ಟಕ್ಕೆ ಎಸೆದಿದ್ದರು. ಅವರ ಅಪನಂಬಿಕೆಗೆ ಕಾರಣ ಇತ್ತು ಅನ್ನಿ.

ಹಿಡಿಯ ಆಕಾರದ ಬಗ್ಗೆ ಎರಡು ಮಾತು, ಯಾಕೆಂದರೆ ಮೊಣಕೈ ನೋವಿನವರಿಗೆ ಇದು ಮುಖ್ಯ. ಎದೆಮಟ್ಟದ ಬೋರ್ಡಿನಲ್ಲಿ ಕೆಲಸ ಮಾಡುವಾಗ ಪಿಸ್ತೂಲಿನ ಹಾಗೆ ಬಾಗಿದ ಹಿಡಿಯಾದರೆ ಮಣಿಕಟ್ಟು ನೆಟ್ಟಗಿರುತ್ತೆ. ಕೋಲಿನ ಹಾಗೆ ನೇರವಾಗಿದ್ದರೆ ಇಕ್ಕಟ್ಟಿನ ಜಾಗಕ್ಕೆ ಚೆನ್ನ, ಆದರೆ ಕೈ ತಿರುಚಿಕೊಂಡು ಹಿಡಿಯಬೇಕು. ಇನ್ನೊಂದು, ಸ್ಕ್ರೂ ಬಿಗಿದು ನಿಂತ ಕ್ಷಣ ಯಂತ್ರ ಆ ಬಲವನ್ನು ವಾಪಸ್ಸು ನಿಮ್ಮ ಕೈಗೇ ಕೊಡುತ್ತೆ. ಕ್ಲಚ್ಚು ಸರಿಯಿಲ್ಲದ ದೊಡ್ಡ ಯಂತ್ರ ನೋಯುವ ಮೊಣಕೈಗೆ ಕೊಡುವ ಒದೆತ ಕೈಯಲ್ಲಿ ತಿರುಗಿಸುವುದಕ್ಕಿಂತ ಕೆಟ್ಟದ್ದು. ಹಿಡಿಯನ್ನು ಬೇಕಾದಂತೆ ನೇರ ಮಾಡಿ ಬಾಗಿಸುವಂಥವೂ ಬರುತ್ತವೆ. ನಾನು ತೆಗೆದುಕೊಂಡದ್ದು ಅದನ್ನೇ. ಕಂಪನಿಯ ಹೆಸರು ಬೇಡ ಬಿಡಿ, ಜಾಹೀರಾತು ಅಂದುಕೊಂಡೀರಿ :-) ಯುಎಸ್‌ಬಿಯಲ್ಲಿ ಚಾರ್ಜ್ ಆಗುತ್ತೆ, ಕರೆಂಟ್ ಇಲ್ಲದ ಕೆಲಸದ ಜಾಗದಲ್ಲೂ ಪವರ್ ಬ್ಯಾಂಕಿಗೆ ಚುಚ್ಚಬಹುದು. ಮೂತಿಯಲ್ಲಿ ಒಂದು ಸಣ್ಣ ದೀಪ ಇದೆ. ವೈರಿಂಗ್ ಮಾಡುವವನು ಯಾವಾಗಲೂ ಕತ್ತಲಲ್ಲೇ ಇರುತ್ತಾನೆ, ಪಾಪ, ದೀಪ ಬರುವ ಹೊತ್ತಿಗೆ ಅವನ ಕೆಲಸ ಮುಗಿದಿರುತ್ತೆ! ಮೋಟಾರು ನಿಂತಾಗ ಮೂತಿ ಲಾಕ್ ಆಗುತ್ತೆ, ಆಗ ಅದನ್ನೇ ಸಾದಾ ಸ್ಕ್ರೂಡ್ರೈವರಿನ ಹಾಗೆ ಕೈಯಲ್ಲಿ ತಿರುಗಿಸಬಹುದು. ಇದೊಂದು ಇಲ್ಲದಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ಒಂದೇ ಕೊರತೆ ಅಂದರೆ ಬ್ಯಾಟರಿ ಒಳಗೇ ಇದೆ. ಅದು ಮುದಿಯಾದ ದಿನ ಯಂತ್ರವೂ ಮುದಿ.

ಬಿಟ್‌ಗಳದ್ದೇ ಇನ್ನೊಂದು ಕಥೆ. ನಮ್ಮಲ್ಲಿ ಅಡ್ಡಗೆರೆ ಉದ್ದಗೆರೆ ಇರುವುದೆಲ್ಲ ಸ್ಟಾರ್. ಆದರೆ ಎಂಸಿಬಿಯ ಟರ್ಮಿನಲನ್ನು ಟಾರ್ಚ್ ಹಾಕಿ ನೋಡಿ. ಹೆಚ್ಚಿನವುಗಳಲ್ಲಿ ಅದು ಫಿಲಿಪ್ಸ್ ಅಲ್ಲ, ಪೋಝಿಡ್ರಿವ್. ಜೊತೆಗೆ ಒಂದು ಗೀಟು ಅಗಲವಾಗಿದ್ದು ಮೈನಸ್ ಕೂಡ ಕೂರುತ್ತೆ. ಪೋಝಿಡ್ರಿವ್ ಬಿಟ್ಟಿಗೆ ದೊಡ್ಡ ನಾಲ್ಕು ರೆಕ್ಕೆಗಳ ನಡುವೆ ಸಣ್ಣ ಗೀರುಗಳಿರುತ್ತವೆ. ಫಿಲಿಪ್ಸ್‌ನ ರೆಕ್ಕೆಗಳು ಇಳಿಜಾರಾಗಿರುವುದರಿಂದ ಬಲ ಹೆಚ್ಚಾದಾಗ ಜಾರಿ ಮೇಲೆ ಬರುತ್ತವೆ. ಕೈಯಲ್ಲಿ ತಿರುಗಿಸುವವನು ಇನ್ನಷ್ಟು ಒತ್ತಿ ಸುಧಾರಿಸಿಕೊಳ್ಳುತ್ತಾನೆ (ಮೊಣಕೈ ನೋವಿಗೆ ಆ ಒತ್ತಾಟದ್ದೂ ಪಾಲಿದೆ). ಯಂತ್ರ ಮಾತ್ರ ಜಾರಿದರೆ ಸ್ಕ್ರೂವಿನ ತಲೆಯನ್ನೇ ಬೋಳಿಸಿಬಿಡುತ್ತೆ. ಹಾಗಾಗಿ ಪಿಝಡ್-2 ಬಿಟ್ಟು, ತೆಳ್ಳಗೆ 100 ಮಿಲಿಮೀಟರ್ ಉದ್ದದ್ದು, ಹುಡುಕಿ ಹುಡುಕಿ ಐದನೇ ಅಂಗಡಿಯಲ್ಲಿ ಸಿಕ್ಕಿತು. ಯಂತ್ರ ಹುಡುಕಲು ಇಷ್ಟು ಕಷ್ಟವಾಗಿರಲಿಲ್ಲ.

ಊರಿಗೆ ಹೋಗಿ ಕೊಟ್ಟಾಗ ಮಾವ ಮಾಡಿದ ಮೊದಲ ಕೆಲಸ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಂತ ಮಾರಾಯ ಇದು, ತಲೆಗೂದಲು ಒಣಗಿಸೋದಾ?" ಅಂದದ್ದು. ಎರಡನೆಯದು, "ಇದಕ್ಕೆ ಬಿಗಿ ಎಷ್ಟು ಅಂತ ಹ್ಯಾಂಗೆ ಗೊತ್ತಾಗ್ತದೆ? ಕೈಗಾದ್ರೆ ಗೊತ್ತಾಗ್ತದೆ" ಅಂದದ್ದು. ನ್ಯಾಯವಾದ ಪ್ರಶ್ನೆ.

ಅಳೆದೇ ಬಿಡೋಣ ಅಂದೆ. ಒಂದು ಹಳೇ ಸ್ಕ್ರೂಡ್ರೈವರಿನ ಹಿಡಿಗೆ ಅಡ್ಡ ತೂತು ಕೊರೆದು ಕಬ್ಬಿಣದ ಸರಳು ತೂರಿಸಿದೆವು. ನಡುವಿನಿಂದ ಸರಿಯಾಗಿ 10 ಸೆಂಟಿಮೀಟರಿಗೆ ಗುರುತು. ಅಲ್ಲಿಗೆ ಅತ್ತೆಯ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ಸ್ಕ್ರೂ ಮಿಸುಕುವ ಹೊತ್ತಿಗೆ ತಕ್ಕಡಿ ಎಷ್ಟು ಕಿಲೋ ತೋರಿಸುತ್ತೋ ಅಷ್ಟು ನ್ಯೂಟನ್ ಮೀಟರ್. ಪ್ರಯೋಗಶಾಲೆಯವರು ನಕ್ಕಾರು, ನಗಲಿ. ಮಾವ ಐದು ಹಳೇ ಎಂಸಿಬಿಗಳನ್ನು ತಮ್ಮ ಅಂದಾಜಿಗೆ ಬಿಗಿದರು. ಐದೂ ಎರಡಕ್ಕೂ ಮೂರಕ್ಕೂ ನಡುವೆ! ಒಂದು ಎಂಸಿಬಿಯ ಮಗ್ಗುಲಿಗೆ ಸಣ್ಣ ಅಕ್ಷರದಲ್ಲಿ 2 ಅಂತ ನ್ಯೂಟನ್ ಮೀಟರ್ ಲೆಕ್ಕ ಅಚ್ಚಾಗಿತ್ತು. ಮಾವ ಕನ್ನಡಕ ಏರಿಸಿ ಅದನ್ನು ಓದಿ, "ಇಲ್ಲಿ ಬರ್ದೇ ಇದಾರಲ್ಲಾ!" ಅಂತ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು. ಆಮೇಲೆ ಹುಡುಗ ಬಿಗಿದ. ಒಂದು 1, ಇನ್ನೊಂದು 4, ಮತ್ತೊಂದು ಅರ್ಧ. ಅವನ ಮುಖ ನೋಡಬೇಕಿತ್ತು. ಯಂತ್ರವನ್ನು ಎರಡನೇ ಮೆಟ್ಟಿಲಿಗೆ ಇಟ್ಟು ಅವನ ಕೈಗೇ ಕೊಟ್ಟೆವು. ಐದು ಸಲವೂ ಒಂದರ ಸ್ವಲ್ಪ ಕೆಳಗೆ ಬಂದು ನಿಂತಿತು. ಸಾಲದು, ಆದರೆ ಐದೂ ಒಂದೇ ಸಮ.

ಮಾವ ಅಲ್ಲೇ ಪದ್ಧತಿ ಮಾಡಿಬಿಟ್ಟರು. ಹುಡುಗ ಯಂತ್ರದಲ್ಲಿ ಎರಡನೇ ಮೆಟ್ಟಿಲಿನವರೆಗೆ ತರಬೇಕು, ಕೊನೆಯ ಕಾಲು ಸುತ್ತು ಮಾವನ ಕೈಯದ್ದು. ಆಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡುವುದು. ನನಗೆ ಮಜಾ ಅನ್ನಿಸಿದ್ದು ಏನೆಂದರೆ, ಜರ್ಮನಿಯ ವಿಹಾ ಕಂಪನಿ ವೈರ್‌ಮನ್‌ಗಳಿಗಂತಲೇ ಮಾಡುವ ಸ್ಪೀಡ್-ಇ ಅನ್ನುವ ಯಂತ್ರದ ಉಪಾಯವೂ ಇದೇ. ಅದು 0.4 ನ್ಯೂಟನ್ ಮೀಟರಿಗೆ ಬೇಕಂತಲೇ ನಿಂತುಬಿಡುತ್ತೆ, ಮಿಕ್ಕಿದ್ದನ್ನು ಕೈಯಲ್ಲೇ ಬಿಗಿಯಬೇಕು. ಅದಕ್ಕೆ ಬಿಟ್ಟಿನ ತುದಿಯ ತನಕ 1000 ವೋಲ್ಟಿನ ಇನ್ಸುಲೇಷನ್ನೂ ಇದೆ. ನಾವು ತಂದದ್ದಕ್ಕೆ ಇಲ್ಲ. ಹಿಡಿ ಪ್ಲಾಸ್ಟಿಕ್ಕು ಅಂತ ಮೋಸ ಹೋಗಬಾರದು, ಮೂತಿ ಕಬ್ಬಿಣ. ಲೈನ್ ಇರುವಾಗ ಇದನ್ನು ಮುಟ್ಟಲೇಬಾರದು ಅಂತ ನಾನು ಹೇಳುವ ಮೊದಲೇ ಮಾವ ಹುಡುಗನಿಗೆ ಹೇಳಿ, ಅವನ ಕೈಯಲ್ಲೇ ಮೇನ್ ಆಫ್ ಮಾಡಿಸಿ, ಟೆಸ್ಟರ್ ಇಟ್ಟು ತೋರಿಸಿದರು.

ಸ್ಕ್ರೂಗೆ ಇಪ್ಪತ್ತು ತಿರುವು ಇದ್ದದ್ದು ಈಗ ಎರಡಕ್ಕೆ ಇಳಿದಿದೆ. ಎಂಟು ಸಾವಿರದ ಜಾಗದಲ್ಲಿ ಎಂಟು ನೂರು. ನೋವು ಪೂರ್ತಿ ಹೋಗಿಲ್ಲ. ಫ್ಯಾನ್ ಎತ್ತಿದ ದಿನ ಈಗಲೂ ಬಿಸಿನೀರಿನ ಚೀಲ ಬೇಕು. ಚೊಂಬು ಮಾತ್ರ ಬಲಗೈಗೆ ವಾಪಸ್ಸು ಬಂದಿದೆ ಅಂತ ಅತ್ತೆಯ ವರದಿ. ಕೆಲಸ ಬಿಡುವ ಮಾತು ಎದ್ದಿಲ್ಲ, ನಾನೂ ಕೇಳಿಲ್ಲ.

ಮೊನ್ನೆ ಭಾನುವಾರ ಮಾವನದೇ ಫೋನು. ಅವರು ತಾವಾಗಿ ಫೋನ್ ಮಾಡುವುದು ಅಪರೂಪ, ಗಾಬರಿಯಿಂದಲೇ ಎತ್ತಿದೆ.

"ಆ ಉದ್ದ ಬಿಟ್ಟು ಸವೆದೋಯ್ತು ಕಣಾ. ಬರ್ತಾ ಎರಡು ತಗಂಬಾ."

"ಆಯ್ತು ಮಾವ."

"ಅಂಗಡಿಯಲ್ಲಿ ಸ್ಟಾರ್ ಅಂತ ಕೇಳ್ಬೇಡ. ಪಿಝಡ್ ಎರಡು ಅಂತ ಕೇಳು. ಮಧ್ಯದಲ್ಲಿ ಸಣ್ಣ ಗೀರು ಇದ್ಯಾ ನೋಡ್ಕಂಡು ತಗ, ಇಲ್ದಿದ್ರೆ ಅವ್ರು ಎಂತೆಂತದೋ ಕೊಟ್ಟು ಕಳಿಸ್ತಾರೆ."